ದೊಡ್ಡಸೌಟು ತಿಂದ ಉಪ್ಪು

ಆ ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳಿಗೆ ಹೆಸರಿರಲಿಲ್ಲ. ಮೂಳೆಯವರು, ಹೊಟ್ಟೆಯವರು, ಲಿವರಿನವರು, ಇಷ್ಟೇ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅಡುಗೆ ಮೇಸ್ತ್ರಿ ಸೊಂಟಕ್ಕೆ ಏಪ್ರನ್ ಬಿಗಿಯುತ್ತ, “ಇವತ್ತು ಮೂಳೆ ಎಷ್ಟು, ಹೊಟ್ಟೆ ಎಷ್ಟು?” ಎಂದು ಕೂಗುವನು. ತಟ್ಟೆಗಾಡಿ ತಳ್ಳುವ ಹೆಂಗಸು ಬಾಗಿಲಲ್ಲೇ ನಿಂತು, “ಮೂಳೆ ಜಾಸ್ತಿ, ಹೊಟ್ಟೆ ಮಾಮೂಲಿ, ಲಿವರು ಹೊಸದೊಂದು ಬಂದಿದೆ” ಎಂದು ಮಾಂಸದಂಗಡಿಯಲ್ಲಿ ನಿಂತವಳ ಹಾಗೆ ಒಪ್ಪಿಸುವಳು. ಈಕೆಗೆ ಎಲ್ಲರೂ ಇಟ್ಟ ಹೆಸರು ರೇಡಿಯೋ. ವಾರ್ಡಿನ ಸುದ್ದಿ ಅಡುಗೆಮನೆಗೆ ಬರುತ್ತಿದ್ದುದೂ, ಅಡುಗೆಮನೆಯ ಸುದ್ದಿ ವಾರ್ಡಿಗೆ ಹೋಗುತ್ತಿದ್ದುದೂ ಅವಳ ಗಾಡಿಯಲ್ಲೇ.

ಮೂಳೆಯವರಿಗೆ ಹಾಲು, ಮೊಟ್ಟೆ, ಸೊಪ್ಪು. ಹೊಟ್ಟೆಯವರಿಗೆ ಖಾರವಿಲ್ಲದ ಮೆತ್ತನೆಯ ಗಂಜಿ. ಲಿವರಿನವರಿಗೆ, ಅದರಲ್ಲೂ ಹೊಟ್ಟೆಯಲ್ಲಿ ನೀರು ತುಂಬಿಕೊಂಡವರಿಗೆ, ಕೆಂಪು ಮುಚ್ಚಳದ ಪಾತ್ರೆಯಲ್ಲಿ ಉಪ್ಪಿಲ್ಲದ ಅಡುಗೆ. ಯಾರಿಗೆ ಯಾವ ಊಟ ಎಂದು ಗೊತ್ತುಮಾಡುವವರು ಪಥ್ಯದ ಮೇಡಂ. ಅವರು ಆಗಾಗ ಅಡುಗೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ಪಾಠ ಹೇಳುತ್ತಿದ್ದರು. ವಯಸ್ಸಾದ ಹೆಂಗಸರ ಮೂಳೆ ಯಾಕೆ ಟೊಳ್ಳಾಗುತ್ತದೆ, ಬಿಸಿಲೇ ಕಾಣದೆ ಕೂತವರ ಮೂಳೆ ಯಾಕೆ ನೋಯುತ್ತದೆ, ಜಠರದ ಹುಣ್ಣಿಗೆ ಖಾರಕ್ಕಿಂತ ಹೆಚ್ಚಾಗಿ ಒಂದು ಕ್ರಿಮಿಯೂ ಹೊತ್ತುಗೊತ್ತಿಲ್ಲದೆ ನುಂಗುವ ನೋವಿನ ಮಾತ್ರೆಯೂ ಹೇಗೆ ಕಾರಣ, ಲಿವರು ಬರೀ ಕುಡಿತದಿಂದಲ್ಲ, ರಕ್ತಕ್ಕೆ ಸೇರಿದ ವೈರಸ್ಸಿನಿಂದಲೂ, ಮೈಯ ಕೊಬ್ಬಿನಿಂದಲೂ, ಸಕ್ಕರೆ ಕಾಯಿಲೆಯಿಂದಲೂ ಹೇಗೆ ಕಲ್ಲಾಗುತ್ತದೆ ಎಂದೆಲ್ಲ ಬಿಡಿಸಿ ಬಿಡಿಸಿ ಹೇಳುವರು. “ಲಿವರು ಗಟ್ಟಿಯಾಗಿ ಹೊಟ್ಟೇಲಿ ನೀರು ತುಂಬಿದೋರಿಗೆ ಉಪ್ಪು ಅಂದ್ರೆ ನೀರೇ. ತಿಂದ ಉಪ್ಪು ನೀರನ್ನ ಹಿಡ್ಕೊಂಡು ಅಲ್ಲೇ ಕೂರತ್ತೆ. ತಿಳೀತಾ?” ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುವರು.

ಮೇಸ್ತ್ರಿಯೂ ತಲೆಯಾಡಿಸುತ್ತಿದ್ದ. ಆದರೆ ಅವನ ಪಾಲಿಗೆ ಇದೆಲ್ಲ ಕೋಣನ ಮುಂದೆ ಕಿನ್ನರಿ. ಕೈಯಲ್ಲಿ ಸೌಟು ಹಿಡಿದವನಿಗೆ ಊಟದ ವಿಷಯ ಇನ್ನೊಬ್ಬರು ಹೇಳಿಕೊಡುವುದುಂಟೇ? ಅವನ ಪ್ರಕಾರ ಎಲ್ಲ ರೋಗಕ್ಕೂ ಕಾರಣ ಒಂದೇ, ಬಾಯಿ. ಲಿವರಿನವರ ವಿಷಯದಲ್ಲಂತೂ ತೀರ್ಪು ಖಡಾಖಂಡಿತ. “ಕುಡಿಯೋವಾಗ ಗೊತ್ತಿರ್ಲಿಲ್ವಾ? ಈಗ ಉಪ್ಪಿಲ್ಲ, ಸಪ್ಪೆ ಅಂತ ಅಳ್ತಾರೆ. ಮಾಡಿದ್ದುಣ್ಣೋ ಮಹರಾಯ!” ಎನ್ನುತ್ತ ಕೆಂಪು ಮುಚ್ಚಳವನ್ನು ಢಣ್ಣೆಂದು ಮುಚ್ಚುವನು.

ಆ ದಿನ ರೇಡಿಯೋ ಮಧ್ಯಾಹ್ನದ ತಟ್ಟೆಗಳನ್ನು ವಾಪಸು ತಂದವಳು ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದಳು.

“ಮೇಸ್ತ್ರಿ, ಹೊಸಾ ಲಿವರಿನವರು ನಿಮ್ಮ ಕಸುಬಿನವರಂತೆ. ದೊಡ್ಡಸೌಟು ಅಂದ್ರೆ ಎಲ್ಲರಿಗೂ ಗೊತ್ತಂತೆ. ಒಂದು ತುತ್ತು ಬಾಯಿಗಿಟ್ಟೋರೇ, ಇದನ್ನ ಮಾಡಿದ್ ಯಾರು ಅಂದ್ರು. ಎತ್ತರಕ್ಕಿದ್ದಾರೆ, ಹುಬ್ಬಿನ ಮೇಲೆ ಸುಟ್ಟ ಕಲೆ ಇದೆ ಅಂದೆ. ಅಯ್ಯೋ, ಏನು ನಗು ಅಂತೀರಾ! ‘ಓಹೋ, ನಮ್ಮ ಚಿಟಿಕೆ! ಇಷ್ಟು ವಯಸ್ಸಾದ್ರೂ ಉಪ್ಪು ಹಾಕೋದು ಕಲೀಲಿಲ್ವಾ ಅವನು?’ ಅಂದ್ರು. ಇಡೀ ವಾರ್ಡೇ ನಕ್ತು.”

ಮೇಸ್ತ್ರಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಕಿವಿಯ ತುದಿಯವರೆಗೆ ಬಿಸಿಯೇರಿತು.

ದೊಡ್ಡಸೌಟು! ಸಾವಿರ ಜನಕ್ಕೆ ಅಡುಗೆ ಮಾಡಿದರೂ ಅಳತೆಯ ಬಟ್ಟಲು ಮುಟ್ಟದ ಮನುಷ್ಯ. ಹಬೆಗೆ ಮೂಗೊಡ್ಡಿ, ಬೆರಳ ತುದಿಯಲ್ಲಿ ಒಂದು ಹನಿ ನೆಕ್ಕಿ, “ಎರಡು ಕಲ್ಲು ಕಮ್ಮಿ” ಎಂದರೆ ಎರಡೇ ಕಲ್ಲು ಉಪ್ಪು ಕಮ್ಮಿ. ಮೀಸೆ ಚಿಗುರದ ವಯಸ್ಸಿನಲ್ಲಿ ಮೇಸ್ತ್ರಿ ಅವರ ಕೈಕೆಳಗೆ ಸೇರಿದ್ದ. ಉಪ್ಪು ಹೆಚ್ಚಾದರೆ ತೆಗೆಯುವುದು ಹೇಗೆಂಬ ಭಯಕ್ಕೆ ಯಾವಾಗಲೂ ಕೈ ಹಿಡಿದು ಚಿಟಿಕೆ ಚಿಟಿಕೆಯೇ ಹಾಕುತ್ತಿದ್ದ. “ದಾನ ಕೊಡ್ತಿದೀಯೇನೋ, ಚಿಟಿಕೆ?” ಎಂದು ಅವರು ನೆತ್ತಿಯ ಮೇಲೆ ಸೌಟಿನಿಂದ ಒಂದು ಕುಟ್ಟುವರು. ಸುತ್ತಲಿನವರೆಲ್ಲ ನಗುವರು. ಅಲ್ಲಿದ್ದಷ್ಟು ಕಾಲ ಅವರ ಬಾಯಿಂದ ಒಂದು ದಿನವೂ ‘ಚೆನ್ನಾಗಿದೆ’ ಎಂಬ ಮಾತು ಬರಲಿಲ್ಲ. ಅಲ್ಲಿಂದ ಬಿಟ್ಟು ಬಂದು, ಹತ್ತು ಕಡೆ ಬೆಂದು, ಇಲ್ಲಿ ಮೇಸ್ತ್ರಿ ಎನಿಸಿಕೊಂಡ ಮೇಲೆ ಆ ಅಡ್ಡಹೆಸರು ಸತ್ತೇಹೋಯಿತು ಎಂದುಕೊಂಡಿದ್ದ. ಈಗ ಅದು ತಟ್ಟೆಗಾಡಿ ಹತ್ತಿ ಬಂದಿತ್ತು.

“ಅವರೂ ಕುಡೀತಿದ್ರಾ ಮೇಸ್ತ್ರಿ?” ಎಂದು ರೇಡಿಯೋ ಕೇಳಿದಳು.

“ಇನ್ನೇನು? ಲಿವರು ತಾನಾಗೇ ಕೆಡತ್ತಾ?” ಎಂದುಬಿಟ್ಟ.

ಸಂಜೆಯ ಹೊತ್ತಿಗೆ ದೊಡ್ಡಸೌಟು ಕುಡುಕರಂತೆ ಎಂಬ ಸುದ್ದಿ ವಾರ್ಡಿಗೆಲ್ಲ ಹಬ್ಬಿತು. ಮರುದಿನ ಅಡುಗೆಮನೆಯ ಹಿಂಬಾಗಿಲಿಗೆ ಒಬ್ಬ ಹುಡುಗಿ ಬಂದು ನಿಂತಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಮಣಿಕಟ್ಟಿನ ತುಂಬ ಸುಟ್ಟ ಗೆರೆಗಳು. ತಾನು ದೊಡ್ಡಸೌಟಿನ ಮಗಳು ಎಂದಳು. ಜಗಳಕ್ಕೆ ಬಂದಿರಲಿಲ್ಲ, ಜಗಳವಾಡಿದ್ದರೇ ವಾಸಿಯಿತ್ತು.

“ಅಣ್ಣ, ಅಪ್ಪ ಇದುವರೆಗೂ ಒಂದು ತೊಟ್ಟು ಮುಟ್ಟಿದವರಲ್ಲ. ಚಿಕ್ಕ ವಯಸ್ಸಲ್ಲಿ ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿ ಬಿದ್ದು ತೊಡೆಮೂಳೆ ಮುರ್ಕೊಂಡಿದ್ರಂತೆ. ಆಗ ರಕ್ತ ಕೊಟ್ರಂತೆ. ಆ ರಕ್ತದಲ್ಲೇ ಏನೋ ವೈರಸ್ ಇತ್ತಂತೆ, ಇಷ್ಟು ವರ್ಷ ಸುಮ್ನೆ ಒಳಗೇ ಕೂತು ಲಿವರು ತಿಂದಿದೆ ಅಂತಾರೆ ಡಾಕ್ಟ್ರು. ಪಕ್ಕದ ಮಂಚದವರು ಬೆಳಿಗ್ಗೆ ಅಪ್ಪನ್ನ, ದಿನಾ ಎಷ್ಟು ಏರಿಸ್ತಿದ್ರಿ ಅಂತ ಕೇಳಿದ್ರು. ಅಪ್ಪ ಗೋಡೆ ಕಡೆ ತಿರುಗಿ ಮಲಗಿದವರು ಎದ್ದೇ ಇಲ್ಲ. ನೀವು ಅವರ ಶಿಷ್ಯರಂತಲ್ಲ, ನೀವೊಂದು ಮಾತು ಹೇಳಿದ್ರೆ ಜನ ನಂಬ್ತಾರೆ.”

ಆ ಸುದ್ದಿ ಹೊರಟಿದ್ದು ಎಲ್ಲಿಂದ ಎಂದು ಪಾಪ, ಅವಳಿಗೆ ಗೊತ್ತಿರಲಿಲ್ಲ. ಮೇಸ್ತ್ರಿ ಇಂಗು ತಿಂದ ಮಂಗನ ಹಾಗೆ ನಿಂತ. ಹೇಳುತ್ತೇನೆ ಎಂದ. ರೇಡಿಯೋವನ್ನು ಕರೆದು ಗದರಿಸಿ, ಹೋದ ಸುದ್ದಿಯನ್ನು ವಾಪಸು ತರಲು ಕಳಿಸಿದ. ಬಾಯಿಂದ ಬಿದ್ದ ಮಾತು ಎಷ್ಟು ವಾಪಸು ಬರುತ್ತದೆ, ಬಿಡಿ.

ಅವತ್ತು ಮಧ್ಯಾಹ್ನ ಲಿವರು ವಾರ್ಡಿನ ತಟ್ಟೆಗಳನ್ನು ತಾನೇ ಜೋಡಿಸುತ್ತ ಮೇಸ್ತ್ರಿ ದೊಡ್ಡಸೌಟಿನ ತಟ್ಟೆಯ ಮುಂದೆ ನಿಂತ. ಒಂದು ಕಡೆ ಪಾಪಪ್ರಜ್ಞೆ, ಇನ್ನೊಂದು ಕಡೆ ಆ ಹಳೆಯ ಕುಟುಕು. ಇಂಥ ನಾಲಿಗೆಯ ಮನುಷ್ಯನಿಗೆ ಇಂಥ ಸಪ್ಪೆ ಸೂಪೇ? ಅದೂ ತನ್ನ ಕೈಯದು? ‘ಒಂದು ಚಿಟಿಕೆ ಉಪ್ಪಿಗೆ ಯಾರೂ ಸಾಯುವುದಿಲ್ಲ’ ಎಂದು ತನಗೆ ತಾನೇ ಹೇಳಿಕೊಂಡ. ಅತ್ತಿತ್ತ ನೋಡಿ, ಆ ಒಂದು ಬಟ್ಟಲಿಗೆ ಮಾತ್ರ ಉಪ್ಪು ಉದುರಿಸಿ ಕದಡಿದ. ಮೇಲೆ ನಿಂಬೆಹುಳಿ ಹಿಂಡಿ, ಕಾಳುಮೆಣಸು ಕುಟ್ಟಿ ಹಾಕಿದ.

ತಟ್ಟೆ ಅರ್ಧ ಉಳಿದು ವಾಪಸು ಬಂತು. ಏನಂದರು ಎಂದರೆ, ಏನೂ ಅನ್ನಲಿಲ್ಲ ಎಂದಳು ರೇಡಿಯೋ. ಮೇಸ್ತ್ರಿ ರಾತ್ರಿಯ ಊಟಕ್ಕೆ ಇನ್ನಷ್ಟು ಹಾಕಿದ. “ಹೂಂ ಅಂದ್ರು” ಎಂಬ ಸುದ್ದಿ ಬಂತು. ಮರುದಿನ ಇನ್ನೂ ಸ್ವಲ್ಪ ಹಾಕಿದ. ಬೇರೆ ಯಾರಾದರೂ ಆಗಿದ್ದರೆ ಮುಖ ಸಿಂಡರಿಸಿ ಉಗಿಯುವಷ್ಟು ಉಪ್ಪು ಅದು. ಎರಡು ಕಲ್ಲು ಕಮ್ಮಿಯಾದರೆ ಹಿಡಿಯುತ್ತಿದ್ದವರಿಗೆ ಇಷ್ಟು ಯಾಕೆ ಬೇಕಾಯಿತು ಎಂದು ಅವನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಯಾಕೆಂದರೆ ಅಂದು ತಟ್ಟೆ ತೊಳೆದಿಟ್ಟಷ್ಟು ಖಾಲಿಯಾಗಿ ಬಂತು, ಹಿಂದೆಯೇ “ಅವನನ್ನ ಇಲ್ಲಿಗೆ ಕಳಿಸು” ಎಂಬ ಅಪ್ಪಣೆಯೂ ಬಂತು.

ಮೇಸ್ತ್ರಿ ಏಪ್ರನ್ ಬಿಚ್ಚಿ, ಮುಖ ತೊಳೆದು, ತಲೆ ಬಾಚಿಕೊಂಡು ಹೋದ. ದೊಡ್ಡಸೌಟು ದಿಂಬಿಗೆ ಒರಗಿ ಕೂತಿದ್ದರು. ಕೈಕಾಲು ಕಡ್ಡಿ, ಕಣ್ಣು ಅರಿಸಿನ, ಹೊಟ್ಟೆ ಮಾತ್ರ ಬಿಗಿದ ಕೊಡ. 

“ಬಾರೋ ಚಿಟಿಕೆ. ಉಪ್ಪಿಲ್ದೇ ಈ ರುಚಿ ಹೇಗೋ ತಂದೆ?”

 “ನಿಂಬೆಹುಳಿ, ಕಾಳುಮೆಣಸು… ಬೆಳ್ಳುಳ್ಳಿ ಸ್ವಲ್ಪ ಹುರಿದು ಹಾಕಿದೆ ಯಜಮಾನ್ರೇ.”

ದೊಡ್ಡಸೌಟು ಸುತ್ತಲಿನ ಮಂಚಗಳ ಕಡೆ ತಿರುಗಿದರು. “ಕೇಳ್ಕೊಳ್ರಪ್ಪಾ. ಉಪ್ಪು ಹಾಕಿ ಯಾವ ಕತ್ತೆ ಬೇಕಾದ್ರೂ ಅಡುಗೆ ಮಾಡತ್ತೆ. ಉಪ್ಪಿಲ್ಲದೆ ರುಚಿ ತರೋದು ನನ್ನ ಕೈಲೂ ಆಗಿರಲಿಲ್ಲ. ಇವನು ತಂದಿದಾನೆ. ನನ್ನ ಶಿಷ್ಯ ಇವನು. ಶಹಬ್ಬಾಸ್ ಕಣೋ!”

ಅಂಗೈಯಗಲದ ಆ ಶಹಬ್ಬಾಸ್‌ಗಾಗಿ ಅರ್ಧ ಆಯಸ್ಸು ಕಾದಿದ್ದ ಮನುಷ್ಯ, ಕಣ್ಣು ತುಂಬಿಕೊಂಡು ನಿಂತ. ನಿಜ ಹೇಳಬೇಕೆಂದರೆ ಅಲ್ಲೇ, ಆ ಕ್ಷಣವೇ ಹೇಳಬೇಕಿತ್ತು. ಗುಟುಕು ನುಂಗಿದ ಹಾಗೆ ಮಾತು ನುಂಗಿಕೊಂಡು, ತಲೆ ಎತ್ತಿ ನಡೆದುಬಂದ. ಅಂದಿನಿಂದ ಮೂರು ಹೊತ್ತೂ ಆ ಬಟ್ಟಲಿಗೆ ಉಪ್ಪು ಬಿತ್ತು. ಮೇಸ್ತ್ರಿ ಒಲೆಯ ಮುಂದೆ ಸಿಳ್ಳೆ ಹಾಕುವುದನ್ನು ರೇಡಿಯೋ ಮೊದಲ ಸಲ ಕೇಳಿದ್ದು ಆಗಲೇ.

ದೊಡ್ಡಸೌಟಿನ ಹೊಟ್ಟೆ ಮಾತ್ರ ಇಳಿಯಲಿಲ್ಲ. ಸೂಜಿ ಹಾಕಿ ನೀರು ತೆಗೆದರು, ಮತ್ತೆ ತುಂಬಿತು. ಬೆಳಗಿನ ತೂಕ ದಿನದಿಂದ ದಿನಕ್ಕೆ ಏರಿತು. ಡಾಕ್ಟರು ನೀರಿಳಿಸುವ ಮಾತ್ರೆ ಹೆಚ್ಚಿಸಿದರು, ಆಮೇಲೆ ಇನ್ನೂ ಹೆಚ್ಚಿಸಿದರು. ಕಾಲು ಊದಿ ಬೆರಳು ಒತ್ತಿದರೆ ಗುಳಿ ಬೀಳತೊಡಗಿತು. ಕೊನೆಗೆ ಪಥ್ಯದ ಮೇಡಂ, “ಇವರ ಹೊಟ್ಟೆಗೆ ಎಲ್ಲಿಂದಲೋ ಉಪ್ಪು ಹೋಗ್ತಿದೆ” ಎಂದು ಗುಮಾನಿಪಟ್ಟು ಒಂದು ಬೆಳಿಗ್ಗೆ ವಾರ್ಡಿಗೆ ನುಗ್ಗಿದರು.

ಮೇಸ್ತ್ರಿ ಆ ಹೊತ್ತಿಗೆ ಗಂಜಿಯ ತಟ್ಟೆಯನ್ನು ತಾನೇ ಹಿಡಿದು ಬಂದಿದ್ದ. ರೇಡಿಯೋವನ್ನು ನಂಬದೆ ಹೊಗಳಿಕೆಯನ್ನು ಕಿವಿಯಾರೆ ಕೇಳುವ ಚಟ ಹತ್ತಿತ್ತು ಅವನಿಗೆ. ಬಾಗಿಲಲ್ಲೇ ನಿಂತ.

ಮೇಡಂ ದೊಡ್ಡಸೌಟಿನ ಮಗಳ ಚೀಲವನ್ನು ಮಂಚದ ಮೇಲೆ ಸುರಿದಿದ್ದರು. ಲಾಂಡ್ರಿಗೆ ಹೋಗುವ ಮೊದಲು ಅಪ್ಪನಿಗೆ ತಿನ್ನಿಸಿ ಹೋಗುತ್ತಿದ್ದ ಹುಡುಗಿ ಅವಳು, ಚೀಲದಲ್ಲಿ ಅವಳ ಬುತ್ತಿಯಿತ್ತು. ಬುತ್ತಿಯ ಮೂಲೆಯಲ್ಲಿ ಒಂದು ಚೂರು ಉಪ್ಪಿನಕಾಯಿ.

“ಇದೇನು?”

“ನನ್ನ ಊಟ ಮೇಡಂ. ಅಪ್ಪನಿಗೆ ಕೊಟ್ಟಿಲ್ಲ. ಆಣೆ ಮಾಡಿ ಹೇಳ್ತೀನಿ.”

“ಹಾಗಾದ್ರೆ ಉಪ್ಪು ಆಕಾಶದಿಂದ ಬಿತ್ತಾ?” ಮೇಡಂ ದೊಡ್ಡಸೌಟಿನ ಕಡೆ ತಿರುಗಿದರು. “ನೀವೇ ಹೇಳಿ ಯಜಮಾನ್ರೇ, ಅಡುಗೆಮನೆಯಿಂದ ಬರೋ ಊಟದಲ್ಲಿ ಉಪ್ಪಿದ್ಯಾ?”

ದೊಡ್ಡಸೌಟಿಗೆ ಸಿಟ್ಟೇ ಬಂತು. “ನನ್ನನ್ನ ಕೇಳ್ತೀರಾ? ಕೊಳಗದಲ್ಲಿ ಎರಡು ಕಲ್ಲು ಹೆಚ್ಚುಕಮ್ಮಿ ಆದ್ರೆ ಹೇಳೋ ನಾಲಿಗೆ ಇದು. ಅವನ ಅಡುಗೇಲಿ ಉಪ್ಪಿಲ್ಲ. ಬೇಕಾದ್ರೆ ಬರ್ಕೊಡ್ತೀನಿ.” ಆಮೇಲೆ ಮಗಳನ್ನು ನೋಡಿದರು. ನೋಡುತ್ತ ನೋಡುತ್ತ ಮುಖ ಗಂಟಾಯಿತು. “ತಿನ್ಸೋಳು ಇವಳೊಬ್ಬಳೇ. ಅಪ್ಪ ಸಪ್ಪೆ ತಿಂತಾನಲ್ಲ ಅಂತ ಕರುಣೆ ಬಂದು ಗಂಜಿಗೆ ಏನೋ ಬೆರೆಸಿರ್ಬೇಕು, ಕಳ್ಳಿ! ನನ್ನನ್ನ ಸಾಯ್ಸೋಕೆ ನೀನೇ ಸಾಕಲ್ಲೇ.”

“ಅಪ್ಪಾ…” ಎಂದಳು.  ಅಕ್ಕಪಕ್ಕದ ಮಂಚದವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಕಣ್ಣೆದುರಿಗೇ ಬರೆ ಎಳೆದರು. ನಾಳೆಯಿಂದ ಈಕೆ ವಾರ್ಡಿನೊಳಗೆ ಕಾಲಿಡಬಾರದು ಎಂದು ಮೇಡಂ ಹೇಳಿದರು. ಹುಡುಗಿ ಬಿದ್ದ ಬುತ್ತಿಯನ್ನು ಬಾಚಿಕೊಂಡು, ಯಾರ ಮುಖವನ್ನೂ ನೋಡದೆ, ಮೇಸ್ತ್ರಿಯ ಪಕ್ಕದಲ್ಲೇ ಹಾದುಹೋದಳು.  ಅವನು ಉಪ್ಪು ಹಾಕಿದ ಗಂಜಿಯನ್ನು ಹಾಗೇ ಹಿಂದಕ್ಕೆ ಹೊತ್ತು ತಂದು ತೊಟ್ಟಿಗೆ ಸುರಿದ. ಗಂಜಿ ಬಿಸಿ ಸಾಲದೆಂದು ವಾಪಸು ತಂದೆ ಎಂದು ರೇಡಿಯೋಗೆ ಸುಳ್ಳು ಹೇಳಿದ.

ಅಲ್ಲಿಗೆ ಉಪ್ಪು ನಿಂತಿತು, ಬಾಯಿ ಮಾತ್ರ ತೆರೆಯಲಿಲ್ಲ. ಉಪ್ಪು ನಿಲ್ಲಿಸಿದೆನಲ್ಲ, ಇನ್ನು ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಹುಡುಗಿಗೆ ಸ್ವಲ್ಪ ದಿನ ನೋವು, ಆಮೇಲೆ ಅಪ್ಪ ಮಗಳು ಒಂದಾಗುತ್ತಾರೆ, ತಾನು ಹೇಳಿ ಕೆಲಸವನ್ನೂ ಮಾನವನ್ನೂ ಯಾಕೆ ಕಳೆದುಕೊಳ್ಳಬೇಕು? ಹೇಡಿಯ ಲೆಕ್ಕ ಯಾವಾಗಲೂ ಹೀಗೇ ಚುಕ್ತಾ ಆಗುವುದು. ಆದರೆ ಮೇಡಂ ಅಡುಗೆಮನೆಗೆ ಕಾಲಿಟ್ಟರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಅವನ ಕೈ ತಾನಾಗೇ ಉಪ್ಪಿನ ಡಬ್ಬಿಯಿಂದ ದೂರ ಸರಿಯುತ್ತಿತ್ತು.

ತಾನಾಗಿ ಏನೂ ಸರಿಹೋಗಲಿಲ್ಲ. ಉಪ್ಪು ನಿಂತರೂ ಹೆಚ್ಚಿಸಿದ ಮಾತ್ರೆ ನಿಂತಿರಲಿಲ್ಲ. ಅದು ಮೈಯ ಸತ್ವವನ್ನೆಲ್ಲ ಹಿಂಡಿ ಹಾಕಿತು. ದೊಡ್ಡಸೌಟು ಊಟ ಮುಟ್ಟಲಿಲ್ಲ, ಮೂತ್ರ ಕಟ್ಟಿತು, ಮಾತು ತೊದಲಿತು. ರೇಡಿಯೋ ಸುದ್ದಿ ತಂದಾಗ ಈ ಸಲ ನಗುತ್ತಿರಲಿಲ್ಲ.

“ಹಾಸಿಗೆ ಬಟ್ಟೆನ ಕೆರೀತಾರೆ ಮೇಸ್ತ್ರಿ. ನನ್ನನ್ನೇ ಮಗಳು ಅಂದ್ಕೊಂಡು ಬೈತಾರೆ. ಡಾಕ್ಟ್ರು ಹೇಳ್ತಿದ್ರು, ಪಥ್ಯದಲ್ಲಿದ್ದೂ ಇಷ್ಟು ಮಾತ್ರೆಗೂ ನೀರಿಳೀಲಿಲ್ಲ ಅಂದ್ರೆ ಲಿವರು ಪೂರ್ತಿ ಕೈಕೊಟ್ಟಿದೆ ಅಂತ, ಇನ್ನು ಮಾಡೋದೇನಿಲ್ಲ, ಮನೆಗೆ ಕರ್ಕೊಂಡು ಹೋಗ್ಲಿ ಅಂತ. ನಾಳೆ ಕಳಿಸ್ತಾರಂತೆ.”

 ಮನೆಗೆ ಕಳಿಸುವುದೆಂದರೆ ಏನೆಂದು ಆಸ್ಪತ್ರೆಯ ಗೋಡೆಗೂ ಗೊತ್ತು. ಮೇಸ್ತ್ರಿ ಹಿಂಬಾಗಿಲಿನಿಂದ ಹೊರಗೆ ಬಂದರೆ, ಮೆಟ್ಟಿಲ ಮೇಲೆ ದೊಡ್ಡಸೌಟಿನ ಮಗಳು ಕೂತಿದ್ದಳು. ಒಳಗೆ ಬಿಡದಿದ್ದರೂ ದಿನಾ ಕೆಲಸ ಮುಗಿಸಿ ಬಂದು ಅಲ್ಲೇ ಕೂರುತ್ತಿದ್ದಳಂತೆ. ಅವನನ್ನು ನೋಡಿ ಎದ್ದುನಿಂತಳು.

“ಅಣ್ಣ, ನೀವಾದ್ರೂ ನಂಬ್ತೀರಾ? ನಾನೇನೂ ಬೆರೆಸಿಲ್ಲ.” ಆಮೇಲೆ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. “ಆದ್ರೂ ಈಗ ಅನುಮಾನ ಬರತ್ತೆ. ತಿನ್ನಿಸೋಕೆ ಮುಂಚೆ ಕೈ ಸರಿಯಾಗಿ ತೊಳ್ಕೊಂಡಿದ್ನೋ ಇಲ್ವೋ. ಬುತ್ತಿ ಕಟ್ಟಿದ ಕೈ ಅಲ್ವಾ? ಹಿಂದಿನ ದಿನ ನೀರು ಕೊಟ್ಟ ಲೋಟಕ್ಕೆ ಏನಾದ್ರೂ ಅಂಟಿತ್ತೋ ಏನೋ. ನನ್ನ ಕೈಯಿಂದಲೇ ಆಗಿದ್ರೆ…” ಕಣ್ಣೊರೆಸಿಕೊಂಡಳು. “ನೀವೊಬ್ಬರೇ ಅಣ್ಣ, ಅವರನ್ನ ಸಂತೋಷವಾಗಿ ಇಟ್ಟಿದ್ದು. ಊಟದ ಹೊತ್ತಿಗೆ ಅವರ ಮುಖ ನೋಡ್ಬೇಕಿತ್ತು.”

ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ. ಮಾಡದ ತಪ್ಪಿಗೆ ಈ ಹುಡುಗಿ ತನ್ನ ಕೈಯನ್ನೇ ಶಂಕಿಸುತ್ತ ನಿಂತಿದ್ದಾಳೆ, ಮಾಡಿದವನು ಅವಳಿಂದ ಹೊಗಳಿಸಿಕೊಳ್ಳುತ್ತಿದ್ದಾನೆ. ಛೀ! ಅವಳಿಗೆ ಬೆನ್ನು ಹಾಕಿ ಒಳಗೆ ನಡೆದ. ಏಪ್ರನ್ನಿನಲ್ಲೇ, ಮಸಿ ಕೈಯಲ್ಲೇ, ಡಾಕ್ಟರ ಕೋಣೆಯ ಬಾಗಿಲು ತಳ್ಳಿದ. ಡಾಕ್ಟರ ಎದುರಿಗೆ ಮೇಡಂ ಕೂಡ ಕೂತಿದ್ದರು.

“ಉಪ್ಪು ಹಾಕಿದ್ದು ನಾನು,” ಎಂದ. “ದೊಡ್ಡಸೌಟಿನ ತಟ್ಟೆಗೆ. ಮೊದಲು ಚಿಟಿಕೆ, ಆಮೇಲೆ ಚಮಚ. ಆ ಹುಡುಗೀದು ಏನೂ ತಪ್ಪಿಲ್ಲ. ಅವಳನ್ನ ಹೊರಗೆ ಹಾಕಿದ ದಿನದಿಂದ ನಿಲ್ಸಿದೀನಿ.”

ಮೇಡಂ ಎದ್ದುನಿಂತರು. “ನಿಮಗೆ ನಾನು ಎಷ್ಟು ಸಲ ಹೇಳಿದೀನಿ? ತಲೆಯಾಡಿಸ್ತಿದ್ರಲ್ರೀ! ಯಾಕೆ ಹಾಕಿದ್ರಿ?”

ಯಾಕೆ?  ನನ್ನ ಗುರು ನನ್ನನ್ನು ಹೊಗಳಲಿ ಅಂತ ಎಂದು ನರೆತ ತಲೆಯ ಮನುಷ್ಯ ಬಾಯಿಬಿಟ್ಟು ಹೇಳಬೇಕಾಯಿತು. ಹೇಳಿದ. ಕೋಣೆಯಲ್ಲಿ ಯಾರೂ ನಗಲಿಲ್ಲ. ಡಾಕ್ಟರಂತೂ ಬೈಯಲೂ ಇಲ್ಲ. ಯಾವ ದಿನದಿಂದ ಯಾವ ದಿನದವರೆಗೆ, ಹೊತ್ತಿಗೆ ಎಷ್ಟು ಎಂದು ಕೇಳಿ ತಿಳಿದುಕೊಂಡು, “ಹಾಗಾದ್ರೆ ಮಾತ್ರೆ ಸೋತಿರಲಿಲ್ಲ. ನಾನೇ ಸುಮ್ನೆ ಏರಿಸ್ತಾ ಹೋದೆ” ಎಂದು ತನ್ನಷ್ಟಕ್ಕೆ ಹೇಳಿಕೊಂಡು ವಾರ್ಡಿನ ಕಡೆ ಓಡಿದರು. ಮುಖಕ್ಕೆ ಮಂಗಳಾರತಿ ಮಾಡಿದ್ದರೆ ಮೇಸ್ತ್ರಿಗೆ ಇಷ್ಟು ಉರಿಯುತ್ತಿರಲಿಲ್ಲ.

ಮೇಡಂ ಅವನ ಏಪ್ರನ್ ಬಿಚ್ಚಿಸಿದರು. ವಿಚಾರಣೆ ಮುಗಿಯುವವರೆಗೆ ಅಡುಗೆಮನೆಯ ಹೊಸ್ತಿಲು ತುಳಿಯಬೇಡಿ ಎಂದರು. “ಅಪ್ಪ ಮಗಳಿಗೆ ನಮ್ಮ ಬಾಯಿಂದ ಹೇಳೋದಿಲ್ಲ. ಅವರಿಗೆ ತಿಳುವಳಿಕೆ ಬಂದ ಮೇಲೆ ನೀವೇ ಬಂದು ಹೇಳ್ಬೇಕು.”

ಮಾತ್ರೆ ನಿಲ್ಲಿಸಿ, ರಕ್ತಕ್ಕೆ ಬೇಕಾದುದನ್ನು ಹನಿಹನಿಯಾಗಿ ಕೊಟ್ಟರು. ಮನೆಗೆ ಕಳಿಸುವ ಮಾತು ಹಿಂದೆ ಸರಿಯಿತು. ಮಗಳನ್ನು ಒಳಗೆ ಕರೆದರು. ಏನೋ ತಪ್ಪಾಗಿದೆ, ನಿಮ್ಮದಲ್ಲ ಎಂದಷ್ಟೇ ಹೇಳಿದರಂತೆ. ಕೆಲವು ದಿನಗಳಾದ ಮೇಲೆ ರೇಡಿಯೋ ಮೇಸ್ತ್ರಿಯ ಮನೆ ಹುಡುಕಿಕೊಂಡು ಬಂದಳು. “ಕಣ್ಣು ಬಿಟ್ಟಿದಾರೆ. ಗುರುತು ಹಿಡೀತಾರೆ. ನಿಮ್ಮನ್ನೇ ಕೇಳಿದ್ರು, ಅವನ ಊಟ ಯಾಕೆ ಬರ್ತಿಲ್ಲ ಅಂತ.”

ಮೇಸ್ತ್ರಿ ಹೋದ. ಈ ಸಲ ತಲೆ ಬಾಚಿಕೊಳ್ಳಲಿಲ್ಲ.

ಮಗಳು ಮಂಚದ ಪಕ್ಕ ನಿಂತು ಒಗೆದು ತಂದ ಹೊದಿಕೆಯನ್ನು ಮಡಿಸುತ್ತಿದ್ದಳು. ದೊಡ್ಡಸೌಟು ಸೊರಗಿ ಚಿಕ್ಕವರಾಗಿದ್ದರು, ಕಣ್ಣಲ್ಲಿ ಮಾತ್ರ ಹಳೆಯ ಚುರುಕು ಮರಳಿತ್ತು. ಅಪ್ಪ ಮಗಳು ಇನ್ನೂ ಸರಿಯಾಗಿ ಮಾತಾಡುತ್ತಿಲ್ಲವೆಂಬುದು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು.

“ಎಲ್ಲೋ ಹಾಳಾಗ್ಹೋಗಿದ್ದೆ? ಯಾವನೋ ಬೂದಿ ಕಲಸಿ ಕಳಿಸ್ತಿದಾನೆ,” ಎಂದರು.

ಮೇಸ್ತ್ರಿ ಮಂಚದ ಕಾಲು ಹಿಡಿದು ನಿಂತ. ಸುತ್ತಿ ಬಳಸಿ ಹೇಳಿದರೆ ಹೇಳಲಾರೆ ಎಂದು ಗೊತ್ತಿತ್ತು. “ಯಜಮಾನ್ರೇ, ನಿಮ್ಮ ಊಟಕ್ಕೆ ನಾನು ಕದ್ದು ಉಪ್ಪು ಹಾಕ್ತಿದ್ದೆ. ಮೂರು ಹೊತ್ತೂ ಹಾಕ್ತಿದ್ದೆ. ನಿಂಬೆಹುಳೀನೂ ಅಲ್ಲ, ಬೆಳ್ಳುಳ್ಳೀನೂ ಅಲ್ಲ, ಬರೀ ಉಪ್ಪು. ನಿಮ್ಮ ಜೀವ ಹೋಗೋ ಹಾಗಾಗಿದ್ದು ಅದರಿಂದ. ನ್ಯಾಯವಾಗಿ ಕಳ್ಳ ಅಂತ ನೀವು ಅನ್ಬೇಕಾದ್ದು ನನ್ನನ್ನ. ಮೊದಲ ದಿನ ನಿಮ್ಮನ್ನ ಕುಡುಕ ಅಂತ ಸುದ್ದಿ ಹಬ್ಸಿದ್ದೂ ನಾನೇ.” ಮಗಳ ಕಡೆ ತಿರುಗಿದ, ಮುಖ ನೋಡಲಾಗಲಿಲ್ಲ. “ತಪ್ಪಾಯ್ತಮ್ಮ.”

ಮಗಳ ಕೈ ಹೊದಿಕೆಯ ಮಡಿಕೆಯ ಮೇಲೆ ನಿಂತಿತು.  ದೊಡ್ಡಸೌಟಿನ ನಾಲಿಗೆ ಒಣಗಿದ ತುಟಿಯ ಮೇಲೆ ಒಮ್ಮೆ ಆಡಿತು, ಏನನ್ನೋ ಹುಡುಕಿದ ಹಾಗೆ. ಪಕ್ಕದ ಮಂಚದವರೆಲ್ಲ ಕಿವಿ ನಿಮಿರಿಸಿದ್ದರು. ಆಮೇಲೆ ಅವರು ನಕ್ಕರು. ದೊಡ್ಡದಾಗಿ, ಎಲ್ಲರಿಗೂ ಕೇಳುವ ಹಾಗೆ.

“ಗೊತ್ತಿತ್ತು ಬಿಡೋ! ಮೊದಲ ತುತ್ತಿಗೇ ಗೊತ್ತಾಯ್ತು. ಈ ನಾಲಿಗೆಗೆ ಉಪ್ಪು ಮುಚ್ಚಿಡೋಕಾಗತ್ತಾ? ಪಾಪ, ಆಸೆಯಿಂದ ಮಾಡಿದಾನೆ ಅಂತ ಸುಮ್ನಿದ್ದೆ. ಹೋಗು, ನಾನೇ ಕೇಳಿ ಹಾಕಿಸ್ಕೊಂಡೆ ಅಂತ ಹೇಳು ಅವರಿಗೆ. ನಿನ್ನ ಕೆಲಸಾನೂ ಉಳಿಯತ್ತೆ.”

ಮೇಸ್ತ್ರಿಯ ಎದೆಯಲ್ಲಿ ಒಂದು ಕ್ಷಣ, ಒಂದೇ ಕ್ಷಣ, ತಣ್ಣನೆಯ ಗಾಳಿ ಬೀಸಿತು. ಹೂಂ ಎಂದರೆ ಆಯಿತು. ಅವರ ನಾಲಿಗೆಯ ಮಾನವೂ ಉಳಿಯಿತು, ತನ್ನ ಅನ್ನವೂ ಉಳಿಯಿತು.

“ಗೊತ್ತಿತ್ತಾ ಅಪ್ಪಾ?” ಎಂದಳು ಮಗಳು. ಮೆಲ್ಲಗೆ ಕೇಳಿದಳು. “ಗೊತ್ತಿದ್ದೂ ಎಲ್ಲರೆದುರಿಗೆ ನನ್ನನ್ನ ಕಳ್ಳಿ ಅಂದ್ಯಾ?”

ದೊಡ್ಡಸೌಟಿನ ನಗು ಮುಖದ ಮೇಲೆಯೇ ಉಳಿದುಹೋಯಿತು, ತೆಗೆಯಲು ಮರೆತವರ ಹಾಗೆ. ಮಗಳನ್ನು ನೋಡಿದರು. ಪಕ್ಕದ ಮಂಚಗಳನ್ನು ನೋಡಿದರು. ಕೊನೆಗೆ ಮೇಸ್ತ್ರಿಯನ್ನು ನೋಡಿದರು, ಏನಾದರೂ ಹೇಳೋ ಎಂಬಂತೆ. 

“ಇಲ್ಲ ಮಗಳೇ,” ಎಂದರು. ದನಿ ತಗ್ಗಿಸಲಿಲ್ಲ. ಬೈದಾಗ ಎಷ್ಟು ಜೋರಾಗಿ ಬೈದಿದ್ದರೋ ಅಷ್ಟೇ ಜೋರಾಗಿ, ಆ ಸಾಲಿನ ಕೊನೆಯ ಮಂಚಕ್ಕೂ ಕೇಳುವಂತೆ ಹೇಳಿದರು. “ಗೊತ್ತಾಗ್ಲಿಲ್ಲ. ಚಮಚಗಟ್ಲೆ ಹಾಕಿದ್ರೂ ನಂಗೆ ಗೊತ್ತಾಗ್ಲಿಲ್ಲ. ನನ್ನ ನಾಲಿಗೆ ಸತ್ತು ಎಷ್ಟು ಕಾಲ ಆಯ್ತೋ ಏನೋ. ಆ ಸತ್ತ ನಾಲಿಗೆ ನಂಬ್ಕೊಂಡು ನಿನ್ನನ್ನ ಅಂದೆ. ನೀನೇನೂ ಮಾಡಿಲ್ಲ.”

ಅಷ್ಟು ಹೇಳಿ, ಎರಡೂ ಕೈಯಿಂದ ಹೊದಿಕೆ ಎಳೆದು ಮುಖ ಮುಚ್ಚಿಕೊಂಡರು. ಹೊದಿಕೆಯ ಕೆಳಗೆ ಅವರ ಭುಜ ಅಲುಗುತ್ತಿತ್ತು. ಪಕ್ಕದ ಮಂಚದವನು ಮೊದಲು ಆಚೆ ತಿರುಗಿದ, ಅವನ ಹಿಂದೆ ಮಿಕ್ಕವರೂ ತಿರುಗಿದರು. ಮಗಳು ಮಂಚದ ಅಂಚಿಗೆ ಕೂತು, ಹೊದಿಕೆಯ ಮೇಲೆಯೇ ಅಪ್ಪನ ತಲೆ ಸವರಿದಳು. ಮೇಸ್ತ್ರಿ ಇನ್ನೂ ಮಂಚದ ಕಾಲು ಹಿಡಿದೇ ನಿಂತಿದ್ದ. ಕ್ಷಮೆ ಕೇಳಲು ಬಂದವನು ಈ ಮುದುಕನಲ್ಲಿ ಉಳಿದಿದ್ದ ಒಂದೇ ಒಂದು ಹೆಮ್ಮೆಯನ್ನೂ ಹತ್ತು ಜನರೆದುರು ಕಿತ್ತುಕೊಂಡಿದ್ದ. ಏನು ಮಾಡಲೂ ತಿಳಿಯದೆ ಮೇಜಿನ ಮೇಲಿದ್ದ ನೀರಿನ ಲೋಟಕ್ಕೆ ಕೈ ಚಾಚಿದ.

“ಬೇಡ, ನಾನು ಕೊಡ್ತೀನಿ,” ಎಂದಳು ಮಗಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಹೊರಗೆ ಹೋಗಿ ಅಣ್ಣ. ಅಪ್ಪ ಅಳೋದನ್ನ ನೀವು ನೋಡೋದು ಬೇಡ.”

ಮೇಸ್ತ್ರಿ ಹೊರಗೆ ಬಂದು ಬಾಗಿಲು ಮುಂದೆ ಮಾಡಿದ.